ಕೆಜಿಎಫ್‌ಗೆ ಥೀಮ್ ಪಾರ್ಕ್ ಬರುತ್ತದೆಯೇ? ಸೈಟು ಕೊಳ್ಳುವ ಮುನ್ನ ನೋಡಬೇಕಾದ ಲೆಕ್ಕ

ಪ್ರಶ್ನೆ: ನಾನು ಬೆಂಗಳೂರಿನ ಕೆ.ಆರ್. ಪುರದಲ್ಲಿದ್ದೇನೆ. ತವರು ಕೆಜಿಎಫ್. ನಮ್ಮ ತಂದೆ ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫ್ಸ್‌ನಲ್ಲಿ ದುಡಿದವರು. ಹೆಸರಾಂತ ವಿದೇಶಿ ಕಂಪನಿಯೊಂದು ಗಣಿಯ ಜಾಗದಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕ್ ಕಟ್ಟಲಿದೆ ಎಂಬ ಸುದ್ದಿ ಈಚೆಗೆ ಊರೆಲ್ಲ ಹಬ್ಬಿದೆ. ಬೇತಮಂಗಲದ ಕಡೆ ಹೊಸ ಬಡಾವಣೆ ಮಾಡುತ್ತಿರುವವರು 'ಪಾರ್ಕಿನಿಂದ ಮೂರೇ ನಿಮಿಷ' ಎಂದು ಕರಪತ್ರ ಹಂಚಿದ್ದಾರೆ. 30x40 ಸೈಟಿಗೆ 14 ಲಕ್ಷ ರೂಪಾಯಿ. ತಂದೆ ತಮ್ಮ ಉಳಿತಾಯವನ್ನೆಲ್ಲ ಅದಕ್ಕೆ ಹಾಕಲು ಹೊರಟಿದ್ದಾರೆ. 'ಅಂಥ ಕಂಪನಿ ಕೆಜಿಎಫ್‌ಗೆ ಯಾಕೆ ಬರುತ್ತದೆ ಅಪ್ಪಾ' ಎಂದರೆ, 'ಯಾರೂ ಎಣಿಸದ ಜಾಗಕ್ಕೇ ಇಂಥವು ಬರುವುದು' ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆಯೇ? ಕರಪತ್ರದ ಚಿತ್ರ ಕಳುಹಿಸಿದ್ದೇನೆ.

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲಿ ಹುರುಳಿದೆ. ದೊಡ್ಡ ಪಾರ್ಕುಗಳು ಯಾರೂ ಎಣಿಸದ ಕಡೆ ತಲೆ ಎತ್ತಿರುವುದು ಹಲವು ದೇಶಗಳಲ್ಲಿ ನಡೆದಿದೆ. ಆದರೆ ಅವರು ಹಣ ಹಾಕಲು ಹೊರಟಿರುವ ಸೈಟಿನ ಕಥೆಯೇ ಬೇರೆ. ಮನರಂಜನಾ ಪಾರ್ಕುಗಳಿಗೆ ಜಾಗ ನೋಡಿ, ಲಾಭನಷ್ಟದ ಅಂದಾಜು ವರದಿ ಸಿದ್ಧಪಡಿಸುವುದು ನನ್ನ ಕಸುಬು. ಕೆಜಿಎಫ್ ಮೇಲೆ ನನಗೆ ಅಭಿಮಾನವೂ ಇದೆ. ಹಾಗಾಗಿ ಪಾರ್ಕಿನ ಪ್ರಶ್ನೆಯನ್ನೂ ಸೈಟಿನ ಪ್ರಶ್ನೆಯನ್ನೂ ಬಿಡಿಬಿಡಿಯಾಗಿ, ಸ್ವಲ್ಪ ವಿವರವಾಗಿಯೇ ನೋಡುತ್ತೇನೆ.

ಮೊದಲು ತಂದೆಯವರ ವಾದದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಬೆಡ್‌ಫರ್ಡ್ ಎಂಬ ಪಟ್ಟಣವಿದೆ. ಲಂಡನ್ನಿನಿಂದ ಉತ್ತರಕ್ಕೆ, ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಪ್ರವಾಸಿಗರು ಹುಡುಕಿಕೊಂಡು ಹೋಗುವ ಊರಲ್ಲ. ಅದರ ಸುತ್ತ ಒಂದು ಕಾಲಕ್ಕೆ ಇಟ್ಟಿಗೆ ಕಾರ್ಖಾನೆಗಳಿದ್ದವು. ಅವು ಮುಚ್ಚಿದ ಮೇಲೆ ಜೇಡಿಮಣ್ಣು ತೆಗೆದ ಹೊಂಡಗಳೂ ಪಾಳುಬಿದ್ದ ಜಾಗವೂ ಉಳಿದವು. 2023ರ ಡಿಸೆಂಬರಿನಲ್ಲಿ, ಸಿನಿಮಾ ಮತ್ತು ಥೀಮ್ ಪಾರ್ಕುಗಳಿಗೆ ಹೆಸರಾದ ಅಮೆರಿಕದ ಯೂನಿವರ್ಸಲ್ ಸಂಸ್ಥೆ ಅಲ್ಲಿ ಹಳೆಯ ಇಟ್ಟಿಗೆ ಕಾರ್ಖಾನೆಯ ನೆಲವೂ ಸೇರಿದಂತೆ ಸುಮಾರು 480 ಎಕರೆ ಕೊಂಡಿರುವ ವಿಷಯ ಹೊರಬಿತ್ತು. 2025ರ ಏಪ್ರಿಲಿನಲ್ಲಿ ಬ್ರಿಟನ್ ಸರ್ಕಾರವೇ ಯೋಜನೆಯನ್ನು ಖಚಿತಪಡಿಸಿತು. 2031ರಲ್ಲಿ ಬಾಗಿಲು ತೆರೆಯುವ ಗುರಿ, ಮೊದಲ ವರ್ಷಕ್ಕೆ 85 ಲಕ್ಷ ಜನರ ನಿರೀಕ್ಷೆ. ಉದ್ಯಮ ಮುಚ್ಚಿಹೋದ ಊರು, ಅಗೆದು ಬಿಟ್ಟ ನೆಲ, ಹತ್ತಿರದಲ್ಲೊಂದು ಮಹಾನಗರ: ಇದನ್ನು ಓದಿದ ಕೆಜಿಎಫ್‌ನವರಿಗೆ ಆಸೆ ಹುಟ್ಟದಿದ್ದರೆ ಅದೇ ಆಶ್ಚರ್ಯ.

ಹಿಂದಕ್ಕೆ ಹೋದರೂ ಇದೇ ಬಗೆಯ ಕಥೆಗಳು. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 1955ರ ಜುಲೈನಲ್ಲಿ ತೆರೆದ ಮೊದಲ ಡಿಸ್ನಿಲ್ಯಾಂಡ್ ನಿಂತದ್ದು ಸುಮಾರು 160 ಎಕರೆ ಕಿತ್ತಳೆ ತೋಟದ ಜಾಗದಲ್ಲಿ. ಫ್ಲಾರಿಡಾದ ಓರ್ಲ್ಯಾಂಡೊ ಬಳಿಯ ಡಿಸ್ನಿ ಪಾರ್ಕಿನ ಜಾಗ ಜೌಗು ಮತ್ತು ಕುರುಚಲು ಕಾಡು. ಪ್ಯಾರಿಸ್ಸಿನ ಪೂರ್ವಕ್ಕೆ ಮೂವತ್ತು ಕಿಲೋಮೀಟರ್ ದೂರದ ಮಾರ್ನ್-ಲಾ-ವಲ್ಲೆಯಲ್ಲಿ 1992ರಲ್ಲಿ ಡಿಸ್ನಿ ಪಾರ್ಕ್ ತೆರೆಯುವ ಮುಂಚೆ ಇದ್ದದ್ದು ಸಕ್ಕರೆ ತೆಗೆಯುವ ಬೀಟ್ ಮತ್ತು ಧಾನ್ಯ ಬೆಳೆಯುವ ಹೊಲಗಳು. ಟೋಕಿಯೊದ್ದಂತೂ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲ.

ಆದರೆ ಒಂದನ್ನು ಗಮನಿಸಿ. ಈ ಜಾಗಗಳು ಅಚ್ಚರಿ ತಂದದ್ದು ನಮಗೆ, ನಿಮಗೆ. ಆರಿಸಿದವರಿಗೆ ಅಚ್ಚರಿಯೇನೂ ಇರಲಿಲ್ಲ. ಅನಾಹೈಮ್‌ಗೆ ಮುಂಚೆ ವಾಲ್ಟ್ ಡಿಸ್ನಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಿಂದ ಅಧ್ಯಯನ ಮಾಡಿಸಿದ್ದರು. ಹ್ಯಾರಿಸನ್ ಪ್ರೈಸ್ ಎಂಬ ತಜ್ಞರು ಜನಸಂಖ್ಯೆ ಯಾವ ದಿಕ್ಕಿಗೆ ಸರಿಯುತ್ತಿದೆ, ಹೊಸ ಹೆದ್ದಾರಿ ಎಲ್ಲಿ ಹಾದುಹೋಗುತ್ತದೆ, ಹವೆ ಹೇಗೆ ಎಂದೆಲ್ಲ ಲೆಕ್ಕ ಹಾಕಿ ಆ ತೋಟದತ್ತ ಬೆರಳು ತೋರಿಸಿದರು. ನಮ್ಮ ಕಸುಬು ಹುಟ್ಟಿದ್ದೇ ಆ ವರದಿಯಿಂದ ಎನ್ನಬಹುದು. ಇವತ್ತಿಗೂ ನಾವು ನೋಡುವುದು ಹೆಚ್ಚುಕಡಿಮೆ ಅದನ್ನೇ. ಒಂದೇ ಕೈಯಲ್ಲಿ, ಅಥವಾ ಬೆರಳೆಣಿಕೆಯ ಕೈಗಳಲ್ಲಿರುವ ದೊಡ್ಡ ಜಾಗ ಸಿಗುತ್ತದೆಯೇ. ಎರಡು ಗಂಟೆಯ ದಾರಿಯೊಳಗೆ ಟಿಕೆಟ್ ಕೊಳ್ಳುವ ಶಕ್ತಿಯಿರುವ ಕುಟುಂಬಗಳೆಷ್ಟು. ರಸ್ತೆ, ರೈಲು ಈಗಾಗಲೇ ಇವೆಯೇ. ನೀರು, ವಿದ್ಯುತ್ತು ಎಲ್ಲಿಂದ. ನೆಲದ ಕೆಳಗೆ ಏನಿದೆ.

ಈ ಕಣ್ಣಿನಿಂದ ಕೆಜಿಎಫ್ ನೋಡಿದರೆ ಮೊದಲ ನೋಟಕ್ಕೆ ಅಂಕಗಳು ಚೆನ್ನಾಗಿಯೇ ಬೀಳುತ್ತವೆ. ಭಾರತ್ ಗೋಲ್ಡ್ ಮೈನ್ಸ್ ಹೆಸರಿನಲ್ಲಿರುವ ಜಾಗ ಸುಮಾರು 12 ಸಾವಿರ ಎಕರೆ. ಬೆಂಗಳೂರಿನ ಸುತ್ತ ಐದು ನೂರು ಎಕರೆ ಒಟ್ಟುಗೂಡಿಸುವುದು ಎಷ್ಟು ಕಷ್ಟ ಎಂಬುದನ್ನು ದೇವನಹಳ್ಳಿಯಲ್ಲಿ ನಾವೆಲ್ಲ ನೋಡಿದ್ದೇವೆ. ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನವನ್ನು ಕೈಬಿಟ್ಟಿತು. ಆ ರೈತರ ಬಗ್ಗೆ ನನಗೆ ಗೌರವವಿದೆ. ಬೆಳೆ ಬರುವ ನೆಲವನ್ನು ಜಾರುಬಂಡೆಗಾಗಿ ಕಿತ್ತುಕೊಳ್ಳುವ ವರದಿಗೆ ನಾನು ಸಹಿ ಹಾಕುವುದಿಲ್ಲ. ಕೆಜಿಎಫ್‌ನಲ್ಲಿ ಆ ತೊಡಕು ಕಡಿಮೆ. 2024ರ ಕೊನೆಗೆ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗಿನ ಸುಮಾರು 70 ಕಿಲೋಮೀಟರ್ ಸಂಚಾರಕ್ಕೆ ತೆರೆದುಕೊಂಡಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಹಳಿಯಿದೆ.

ಈ ರೈಲಿನ ಬಗ್ಗೆ ಒಂದು ಮಾತು ಸೇರಿಸಬೇಕು, ಏಕೆಂದರೆ ಯಾರೂ ಇದನ್ನು ಗಮನಿಸಿದ ಹಾಗೆ ಕಾಣುವುದಿಲ್ಲ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುತ್ತಾರೆ, ರಾತ್ರಿ ಮರಳುತ್ತಾರೆ. ನಿಮ್ಮ ಮನೆಯಲ್ಲೂ ಯಾರಾದರೂ ಹಾಗೆ ಓಡಾಡಿರಬಹುದು. ಪ್ರವಾಸಿಗರ ಓಡಾಟ ಇದಕ್ಕೆ ತದ್ವಿರುದ್ಧ ದಿಕ್ಕಿನದು: ಬೆಳಗ್ಗೆ ಬೆಂಗಳೂರಿನಿಂದ ಹೊರಟು ಸಂಜೆ ಮರಳುವುದು. ದುಡಿಯುವವರ ಸೀಟು ಕಿತ್ತುಕೊಳ್ಳದೆ, ಅದೇ ಹಳಿಯಲ್ಲಿ, ಅದೇ ಬೋಗಿಗಳಲ್ಲಿ ಪ್ರವಾಸಿಗರನ್ನು ತರಬಹುದು. ಯಾವ ಯೋಜನಾ ವರದಿಗೂ ಇದು ದೊಡ್ಡ ಅನುಕೂಲ.

ಇನ್ನು ಅಡ್ಡಿಗಳು. ಮೊದಲನೆಯದು ಕಾಲ ಕೆಳಗಿನ ನೆಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ಊರಿನ ಕೆಳಗೆ ನೂರಾರು ಕಿಲೋಮೀಟರ್ ಸುರಂಗಗಳಿವೆ. ಅಷ್ಟು ಆಳದಲ್ಲಿ ಬಂಡೆಯ ಮೇಲೆ ಬೀಳುವ ಒತ್ತಡ ಒಮ್ಮೆಲೇ ಸಿಡಿದು ಬಿಡುಗಡೆಯಾಗುವುದನ್ನು ನಿಮ್ಮ ತಂದೆ ಕಿವಿಯಾರೆ ಕೇಳಿರುತ್ತಾರೆ. ಅಂಥ ಶಿಲಾಸ್ಫೋಟಕ್ಕೆ ಮೇಲಿನ ಮನೆಗಳ ಗೋಡೆಗಳೂ ಬಿರುಕು ಬಿಟ್ಟದ್ದಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ, ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳು ತುಂಬಿಕೊಂಡವು. ನೆಲ ಅದುರುವುದು ಆಮೇಲೂ ದಾಖಲಾಗಿದೆ. ರೋಲರ್ ಕೋಸ್ಟರ್ ಹಳಿಯ ಕಂಬಗಳ ತಳಪಾಯ ಮಿಲಿಮೀಟರ್ ಲೆಕ್ಕದಲ್ಲಿ ಸರಿಯಾಗಿರಬೇಕು. ಒಂದು ಕಂಬ ಸ್ವಲ್ಪ ಕುಸಿದರೂ ಹಳಿಯ ಬಾಗು ಬದಲಾಗುತ್ತದೆ, ಗಾಲಿಯ ಮೇಲಿನ ಭಾರ ಬದಲಾಗುತ್ತದೆ. ಹಾಗಾಗಿ 12 ಸಾವಿರ ಎಕರೆಯಲ್ಲಿ ಎತ್ತರದ ರೈಡ್ ನಿಲ್ಲಿಸಬಹುದಾದ ಗಟ್ಟಿ ನೆಲ ಎಲ್ಲಿದೆ ಎಂದು ಹಳೆಯ ಗಣಿ ನಕ್ಷೆಗಳನ್ನು ಹರಡಿಕೊಂಡು ಅಂಗುಲ ಅಂಗುಲವಾಗಿ ಗುರುತು ಮಾಡಬೇಕು. ಸಾಧ್ಯವಾಗದ ಕೆಲಸವಲ್ಲ. ಆದರೆ ಆ ಸಮೀಕ್ಷೆಗೇ ವರ್ಷಗಳು ಹಿಡಿಯುತ್ತವೆ, ಮತ್ತು ಅದು ಗುಟ್ಟಾಗಿ ನಡೆಯುವಂಥದ್ದಲ್ಲ. ಬೋರು ಕೊರೆಯುವ ಯಂತ್ರಗಳು ಊರಿನವರ ಕಣ್ಣಿಗೆ ಬೀಳುತ್ತವೆ.

ಎರಡನೆಯದು ಸೈನೈಡ್ ದಿಬ್ಬಗಳು. ಸಿನಿಮಾ ಚಿತ್ರೀಕರಣಕ್ಕೆ ಅವು ಚೆಂದ ಕಾಣುತ್ತವೆ. ಆದರೆ ಅವು ಅದಿರನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡಿನಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಗಸಿ, ಒಟ್ಟು ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿ ಎದ್ದರೆ ಆ ಧೂಳು ಊರಿನ ಅಡುಗೆಮನೆಗಳವರೆಗೂ ಬರುತ್ತದೆ. ಮಕ್ಕಳು ದಿನವಿಡೀ ಬಯಲಿನಲ್ಲಿ ಓಡಾಡುವ ಪಾರ್ಕನ್ನು ಅದರ ಗಾಳಿಬದಿಗೆ ಕಟ್ಟಲು ಯಾವ ಹೊಣೆಯರಿತ ಕಂಪನಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಮೇಲಾಗಿ ಈ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಸುಮಾರು ಸಾವಿರ ಎಕರೆಯಷ್ಟು ದಿಬ್ಬಗಳ ಜಾಗದಲ್ಲಿ ಯಂತ್ರಗಳು ಓಡಾಡುವ ಕಾಲಕ್ಕೆ ಪಕ್ಕದಲ್ಲೇ ಪಾರ್ಕ್ ತೆರೆಯಲಾಗದು.

ನೀರಿನ ವಿಚಾರ ಕೋಲಾರ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಜೀವನದಿಯಿಲ್ಲ. ಗಣಿಯ ಕಾಲದಲ್ಲಿ ಕುಡಿಯುವ ನೀರು ಪಾಲಾರ್ ಪಾತ್ರದ ಬೇತಮಂಗಲ ಕೆರೆಯಿಂದ ಬರುತ್ತಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅದು ಅಂತರ್ಜಲ ತುಂಬಲೆಂದು ಹರಿಸುವ ನೀರು, ಮಕ್ಕಳು ಮುಳುಗಿ ಆಡುವ ಕೊಳಕ್ಕಲ್ಲ. ನಮ್ಮಲ್ಲಿ ಮನರಂಜನಾ ಪಾರ್ಕ್ ಎಂದರೆ ಅರ್ಧ ಭಾಗ ನೀರಾಟವೇ. ಏಪ್ರಿಲ್-ಮೇ ರಜೆಯಲ್ಲಿ ಗೇಟಿನ ಮುಂದೆ ಸಾಲು ನಿಲ್ಲುವುದು ಅಲೆಗಳ ಕೊಳಕ್ಕಾಗಿ. ಅದಿಲ್ಲದ ಪಾರ್ಕಿಗೆ ಬಿಸಿಲುಗಾಲದಲ್ಲಿ ಜನ ಬರಬೇಕಾದರೆ ಬೇರೆಯದೇ ಆಕರ್ಷಣೆ ಬೇಕು.

ಇವೆಲ್ಲ ಎಂಜಿನಿಯರುಗಳು ಬಿಡಿಸಬಹುದಾದ ಗಂಟುಗಳು ಎಂದುಕೊಳ್ಳೋಣ. ಬಿಡಿಸಲಾಗದ ಗಂಟು ಹಣದ್ದು. ಶಾಂಘೈ ಡಿಸ್ನಿ ಪಾರ್ಕಿಗೆ 2016ರಲ್ಲಿ ತೆರೆಯುವ ಹೊತ್ತಿಗೆ ಸುಮಾರು 550 ಕೋಟಿ ಡಾಲರ್ ಖರ್ಚಾಗಿತ್ತು. ಈಗಿನ ಲೆಕ್ಕದಲ್ಲಿ 45 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅಷ್ಟು ಬೇಡ, ಅದರ ಹತ್ತರಲ್ಲೊಂದು ಭಾಗದಷ್ಟು, 5 ಸಾವಿರ ಕೋಟಿಯ ಪಾರ್ಕ್ ಎಂದು ಇಟ್ಟುಕೊಳ್ಳಿ. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇ 12 ಹುಟ್ಟಬೇಕೆಂದರೆ 600 ಕೋಟಿ ಉಳಿಯಬೇಕು. ಟಿಕೆಟು, ಊಟ ಎಲ್ಲ ಸೇರಿ ತಲೆಗೆ 2,000 ರೂಪಾಯಿ ಖರ್ಚು ಮಾಡುತ್ತಾರೆ ಎನ್ನೋಣ. ಅದರಲ್ಲಿ ಶೇ 18ರ ಜಿಎಸ್‌ಟಿ ಕಳೆದರೆ ಪಾರ್ಕಿಗೆ ಸಿಗುವುದು 1,700ರ ಆಸುಪಾಸು. ಸಂಬಳ, ವಿದ್ಯುತ್ತು, ದುರಸ್ತಿ, ವಿಮೆಗೆ ಅರ್ಧ ಹೋದರೆ ಉಳಿಯುವುದು 850. ಆ ಲೆಕ್ಕದಲ್ಲಿ ವರ್ಷಕ್ಕೆ 70 ಲಕ್ಷ ಜನ ಬರಬೇಕು, ಮಳೆ ಬರಲಿ ಪರೀಕ್ಷೆ ಇರಲಿ ದಿನಕ್ಕೆ ಸರಾಸರಿ 19 ಸಾವಿರ. ಇಪ್ಪತ್ತು ವರ್ಷ ಮೀರಿದ ಅನುಭವವಿರುವ ವಂಡರ್‌ಲಾ ಸಂಸ್ಥೆಗೆ, ತನ್ನ ಹಲವು ಊರುಗಳ ಪಾರ್ಕುಗಳನ್ನೆಲ್ಲ ಕೂಡಿಸಿದರೂ, ವರ್ಷಕ್ಕೆ ಬರುತ್ತಿರುವವರು 30 ಲಕ್ಷದ ಆಜುಬಾಜು. ಅದರ ಎರಡು ಪಟ್ಟಿಗೂ ಹೆಚ್ಚು ಜನ ಒಂದೇ ಊರಿಗೆ, ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರಕ್ಕೆ, 2,000 ರೂಪಾಯಿ ಹಿಡಿದು ಬರಬೇಕು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಪಕ್ಕದ ಖೋಪೋಲಿಯಲ್ಲಿ 2013ರಲ್ಲಿ ತೆರೆದ ಇಮ್ಯಾಜಿಕಾ ಪಾರ್ಕಿಗೆ ಜಾಗದ ಕೊರತೆ ಇರಲಿಲ್ಲ, ರಸ್ತೆಯ ಕೊರತೆ ಇರಲಿಲ್ಲ. ಎರಡೂ ಕಡೆ ದುಡ್ಡಿರುವ ನಗರಗಳು. ಆದರೂ ಸಾಲದ ಹೊರೆ ಹೊರಲಾಗದೆ 2022ರಲ್ಲಿ ಅದು ಬೇರೆಯವರ ಕೈಗೆ ಹೋಯಿತು. ರೈಡುಗಳು ಚೆನ್ನಾಗಿದ್ದವು. ಬಂಡವಾಳ ಜನರಿಗಿಂತ ಮುಂದೆ ಓಡಿತ್ತು, ಅಷ್ಟೇ.

ವಿದೇಶಿ ಕಂಪನಿಗಳ ಬಗ್ಗೆಯೂ ಒಂದು ಮಾತು. 2025ರ ಮೇ ತಿಂಗಳಲ್ಲಿ ಡಿಸ್ನಿ ತನ್ನ ಮುಂದಿನ ಪಾರ್ಕನ್ನು ಅಬುಧಾಬಿಯ ಯಾಸ್ ದ್ವೀಪದಲ್ಲಿ ಎಂದು ಘೋಷಿಸಿತು. ಕಟ್ಟುವ, ನಡೆಸುವ ಖರ್ಚು ಅಲ್ಲಿನ ಮಿರಾಲ್ ಸಂಸ್ಥೆಯದು. ಡಿಸ್ನಿ ಹೆಸರನ್ನೂ ವಿನ್ಯಾಸವನ್ನೂ ಕೊಡುತ್ತದೆ. ನಾಲ್ಕು ಗಂಟೆಯ ವಿಮಾನ ಪ್ರಯಾಣದೊಳಗೆ ಜಗತ್ತಿನ ಮೂರನೇ ಒಂದು ಭಾಗದಷ್ಟು ಜನ ಇದ್ದಾರೆ ಎಂಬುದು ಆ ಜಾಗಕ್ಕೆ ಅವರು ಕೊಟ್ಟ ಕಾರಣ. ಆ ಲೆಕ್ಕದಲ್ಲಿ ನಾವೂ ಸೇರಿದ್ದೇವೆ. ಬೆಂಗಳೂರಿನ ಸಿರಿವಂತ ಕುಟುಂಬ ಅಲ್ಲಿಗೇ ಬರಲಿ ಎಂದು ಎಣಿಸಿದವರು ಅದೇ ಕುಟುಂಬಕ್ಕಾಗಿ ಇಲ್ಲೊಂದು ಕಟ್ಟುವುದು ಹತ್ತಿರದ ವರ್ಷಗಳಲ್ಲಿ ನಡೆಯುವ ಮಾತಲ್ಲ ಎಂಬುದು ನನ್ನ ಅಭಿಪ್ರಾಯ.

'ಡಿಸ್ನಿಲ್ಯಾಂಡ್ ಮಾದರಿ' ಎಂಬ ಮಾತು ನಮ್ಮ ರಾಜ್ಯದಲ್ಲಿ ಹೊಸದೇನೂ ಅಲ್ಲ. 2018ರಲ್ಲಿ ಕೆಆರ್‌ಎಸ್ ಅಣೆಕಟ್ಟೆಯ ಬಳಿ ಕಾವೇರಿ ಪ್ರತಿಮೆಯ ಜೊತೆಗೆ ಅಂಥದ್ದೊಂದು ಪಾರ್ಕಿನ ಘೋಷಣೆಯಾಯಿತು. ರೈತರ ವಿರೋಧವೂ ಎದ್ದಿತು. ಬೃಂದಾವನದ ಹೆಸರಿನಲ್ಲಿ ಅದು ಮತ್ತೆ ಮತ್ತೆ ಸುದ್ದಿಯಾಗುತ್ತಲೇ ಇದೆ. ಇಂಗ್ಲೆಂಡಿನಲ್ಲೂ ಹೀಗೇ ಆಗಿದೆ. ಕೆಂಟ್ ಪ್ರಾಂತ್ಯದ ಸ್ವಾನ್ಸ್‌ಕೂಂಬ್‌ನಲ್ಲಿ, ಹಳೆಯ ಸಿಮೆಂಟ್ ಕಾರ್ಖಾನೆಗಳ ನೆಲದಲ್ಲಿ, ಲಂಡನ್ ರೆಸಾರ್ಟ್ ಎಂಬ ಮಹಾ ಪಾರ್ಕಿನ ಮಾತು 2012ರಲ್ಲಿ ಶುರುವಾಯಿತು. ಪಾಳುಬಿದ್ದ ಆ ನೆಲದಲ್ಲಿ ಅಪರೂಪದ ಜೇಡಗಳೂ ಹಕ್ಕಿಗಳೂ ಮನೆ ಮಾಡಿಕೊಂಡಿದ್ದವು. 2021ರಲ್ಲಿ ಅದು ಸಂರಕ್ಷಿತ ಪ್ರದೇಶವಾಯಿತು, 2022ರಲ್ಲಿ ಅರ್ಜಿ ವಾಪಸಾಯಿತು. ಹತ್ತು ವರ್ಷ ಅಲ್ಲಿನ ಸಣ್ಣಪುಟ್ಟ ಉದ್ದಿಮೆದಾರರು ಇರಬೇಕೋ ಬಿಡಬೇಕೋ ತಿಳಿಯದೆ ಕಾಲ ತಳ್ಳಿದರು. ಬೀಜಿಂಗ್ ಹೊರವಲಯದ ವಂಡರ್‌ಲ್ಯಾಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋಟೆಯ ಅಸ್ಥಿಪಂಜರ ಎದ್ದ ಮೇಲೆ, 1998ರಲ್ಲಿ ಜಮೀನಿನ ಬೆಲೆಯ ಜಗಳಕ್ಕೆ ನಿಂತುಹೋಯಿತು. ಆ ಕಂಬಗಳ ನಡುವೆ ರೈತರು ಬೆಳೆ ತೆಗೆದರು. 2013ರಲ್ಲಿ ಎಲ್ಲವನ್ನೂ ಕೆಡವಿದರು.

ಈಗ ನಿಮ್ಮ ಕರಪತ್ರ. ಅದನ್ನು ದೊಡ್ಡದು ಮಾಡಿ ನೋಡಿದೆ. ನಡುವೆ ಬಣ್ಣಬಣ್ಣದ ಕೋಟೆ, ಪಕ್ಕದಲ್ಲಿ ಹಸಿರು ಚೌಕ, ಚೌಕದಿಂದ ಬಡಾವಣೆಗೆ ಒಂದು ನೇರ ಗೆರೆ, ಗೆರೆಯ ಮೇಲೆ '3 ನಿಮಿಷ'. ನಕ್ಷೆಗೆ ಅಳತೆಯಿಲ್ಲ, ಉತ್ತರ ದಿಕ್ಕಿನ ಗುರುತಿಲ್ಲ. ಹಸಿರು ಚೌಕದ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ 'ಪ್ರಸ್ತಾವಿತ' ಎಂದಿದೆ. ಯಾರು ಪ್ರಸ್ತಾಪಿಸಿದರು ಎಂದಿಲ್ಲ. ಬಡಾವಣೆಯ ಸರ್ವೆ ನಂಬರ್ ಇಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆಯೂ ಇಲ್ಲ. ಜಾಹೀರಾತಿನಲ್ಲಿ ಅದು ಇರಲೇಬೇಕು.

ಪಾರ್ಕುಗಳ ಜಾಗ ನಿಜವಾಗಿ ಹೇಗೆ ಕೈ ಬದಲಾಗುತ್ತದೆ ಎಂಬುದು ಗೊತ್ತಿದ್ದರೆ ಇಂಥ ಕರಪತ್ರ ಓದುವ ಬಗೆಯೇ ಬದಲಾಗುತ್ತದೆ. ಓರ್ಲ್ಯಾಂಡೊದಲ್ಲಿ ಡಿಸ್ನಿ 27 ಸಾವಿರ ಎಕರೆಗೂ ಹೆಚ್ಚು ಕೊಂಡದ್ದು ಬೇನಾಮಿ ಕಂಪನಿಗಳ ಹೆಸರಿನಲ್ಲಿ, ಎಕರೆಗೆ ಸರಾಸರಿ 200 ಡಾಲರಿಗೂ ಕಡಿಮೆಗೆ. 1965ರ ಅಕ್ಟೋಬರಿನಲ್ಲಿ ಸ್ಥಳೀಯ ಪತ್ರಿಕೆ ಗುಟ್ಟು ರಟ್ಟು ಮಾಡುವ ಹೊತ್ತಿಗೆ ಬೇಕಾದ ಜಾಗವೆಲ್ಲ ಅವರದಾಗಿತ್ತು; ಅದರ ಮರುದಿನದಿಂದ ಬೆಲೆ ಮುಗಿಲು ಮುಟ್ಟಿತು. ಬೆಡ್‌ಫರ್ಡ್‌ನಲ್ಲೂ ಸುದ್ದಿ ಹೊರಬಂದದ್ದು ಖರೀದಿ ಮುಗಿದ ಮೇಲೆ. ಖಾಸಗಿ ಜಮೀನಿನಲ್ಲಿ ಬರುವ ಪಾರ್ಕ್ ಸುದ್ದಿಯಾಗುವ ಮೊದಲು ಪಹಣಿಯಲ್ಲಿ ಕಾಣಿಸಿಕೊಳ್ಳುತ್ತದೆ: ಒಂದೇ ಸೀಮೆಯ ಹತ್ತಾರು ಸರ್ವೆ ನಂಬರುಗಳು ಒಂದೆರಡು ಹೆಸರುಗಳಿಗೆ ಮ್ಯುಟೇಷನ್ ಆಗುತ್ತವೆ.

ಇನ್ನು ಗಣಿಯ ಜಾಗ. ಅದು ಕೇಂದ್ರ ಗಣಿ ಸಚಿವಾಲಯದ ಅಧೀನದ ಸಂಸ್ಥೆಯದು. ಅಲ್ಲಿ ಗುಟ್ಟಾಗಿ ಕೊಳ್ಳಲು ಬರುವುದಿಲ್ಲ. ಕೇಂದ್ರದ ತೀರ್ಮಾನವಾಗಬೇಕು, ಟೆಂಡರ್ ಕರೆಯಬೇಕು, 500 ಕೋಟಿ ಮೀರಿದ ಹೂಡಿಕೆಯಾದರೆ ಮುಖ್ಯಮಂತ್ರಿ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಯ ಮುಂದೆ ಬರಬೇಕು, ಇಷ್ಟು ದೊಡ್ಡ ಕಟ್ಟಡಗಳಿಗೆ ಪರಿಸರ ಅನುಮತಿಯ ಅರ್ಜಿ ಸಲ್ಲಬೇಕು. ಪ್ರತಿಯೊಂದೂ ಸಾರ್ವಜನಿಕ ದಾಖಲೆ. ಗಣಿ ಕಾರ್ಮಿಕರು ತಾವಿರುವ ಮನೆಗಳ ಹಕ್ಕಿಗಾಗಿ ಎಷ್ಟು ವರ್ಷಗಳಿಂದ ಅಲೆಯುತ್ತಿದ್ದಾರೆ ಎಂಬುದು ನಿಮ್ಮ ತಂದೆಗೆ ಚೆನ್ನಾಗಿ ಗೊತ್ತು. ಆ ಜಾಗದ ಒಂದು ಮೂಲೆಯ ತೀರ್ಮಾನಕ್ಕೇ ಇಷ್ಟು ಕಾಲ ಹಿಡಿದಿರುವಾಗ, ನೂರಾರು ಎಕರೆ ವಿದೇಶಿ ಕಂಪನಿಗೆ ಸದ್ದಿಲ್ಲದೆ ಹೋಗಿದೆ, ಅದು ಬಡಾವಣೆಯವರಿಗೆ ಮಾತ್ರ ತಿಳಿದಿದೆ ಎಂಬುದನ್ನು ನಂಬಲಾಗದು.

ಇನ್ನೊಂದು ಸೂಕ್ಷ್ಮವಿದೆ. ಅನಾಹೈಮ್‌ನ 160 ಎಕರೆ ಡಿಸ್ನಿಗೆ ಸಾಕಾಗಲಿಲ್ಲ. ಪಾರ್ಕಿನ ಸುತ್ತ ಬೇರೆಯವರ ಮೋಟೆಲುಗಳು ಎದ್ದು, ಜನರ ಖರ್ಚಿನ ದೊಡ್ಡ ಪಾಲು ಅವರ ಜೇಬಿಗೆ ಹೋಯಿತು. ಫ್ಲಾರಿಡಾದಲ್ಲಿ ಅಷ್ಟೊಂದು ಜಾಗ ಕೊಂಡದ್ದು ಆ ಪಾಠದಿಂದ. ಆಮೇಲೆ ಬಂದ ದೊಡ್ಡ ಪಾರ್ಕುಗಳೂ ಹೋಟೆಲು, ಅಂಗಡಿಗಳಿಗೆ ಸುತ್ತಲಿನ ನೆಲವನ್ನು ಸೇರಿಸಿಯೇ ಲೆಕ್ಕ ಹಾಕುತ್ತವೆ. ಗೇಟಿನಿಂದ ಮೂರು ನಿಮಿಷದ ದೂರದಲ್ಲಿ ಪಾರ್ಕ್ ನಿಜವಾಗಿ ಬರುವುದಿದ್ದರೆ ಆ ಬಡಾವಣೆಯ ನೆಲವನ್ನು ಪಾರ್ಕಿನವರೇ ಮೊದಲು ಕೇಳುತ್ತಿದ್ದರು. ಬಡಾವಣೆಯವರು ಅದನ್ನು 30x40 ತುಂಡು ಮಾಡಿ ನಿಮಗೆ ಮಾರುತ್ತಿರಲಿಲ್ಲ.

ಹಾಗಾದರೆ ಕೆಜಿಎಫ್‌ಗೆ ಏನೂ ಬರುವುದಿಲ್ಲವೇ? ಬರಬಹುದು, ಬರಬೇಕು ಎಂದೇ ನನ್ನ ಆಸೆ. ವಿದೇಶಿ ಕೋಟೆ, ರಾಜಕುಮಾರಿಯರ ಪಾರ್ಕಲ್ಲ, ಕೆಜಿಎಫ್‌ನದೇ ಪಾರ್ಕ್. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಮುಚ್ಚಿದ ಚಿನ್ನದ ಗಣಿಯ 14ನೇ ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಸುತ್ತ ಗೋಲ್ಡ್ ರೀಫ್ ಸಿಟಿ ಎಂಬ ಥೀಮ್ ಪಾರ್ಕ್ ಕಟ್ಟಿದ್ದಾರೆ. ರೋಲರ್ ಕೋಸ್ಟರ್ ಇದೆ, ಗಣಿಯೊಳಕ್ಕೆ ಇಳಿಸಿ ತೋರಿಸುವ ಪ್ರವಾಸವೂ ಇದೆ. ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ 1970ರಿಂದ ನಡೆಯುತ್ತಿರುವ ಸಾವರಿನ್ ಹಿಲ್‌ನಲ್ಲಿ ಚಿನ್ನದ ಬೇಟೆಯ ಕಾಲದ ಬೀದಿಗಳನ್ನೇ ಮರುಕಟ್ಟಿದ್ದಾರೆ; ಮಕ್ಕಳು ತೊರೆಯಲ್ಲಿ ಮರಳು ಜಾಲಿಸಿ ಚಿನ್ನದ ಕಣ ಹುಡುಕುತ್ತಾರೆ, ಕರಗಿದ ಚಿನ್ನವನ್ನು ಅಚ್ಚಿಗೆ ಸುರಿಯುವುದನ್ನು ನೋಡುತ್ತಾರೆ. ರೊಮೇನಿಯಾದ ಸಲಿನಾ ತುರ್ದಾ ಉಪ್ಪಿನ ಗಣಿಯೊಳಗೆ ರಾಟೆತೊಟ್ಟಿಲೇ ತಿರುಗುತ್ತದೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆ ಫ್ರಾನ್ಸಿನ ಪುಯಿ ದು ಫೂ. ವಾಂದೆ ಪ್ರದೇಶದ ಹಳ್ಳಿಗಾಡಿನಲ್ಲಿ, 1978ರಲ್ಲಿ, ಪಾಳು ಕೋಟೆಯ ಮುಂದೆ ಊರಿನವರೇ ತಮ್ಮ ಇತಿಹಾಸವನ್ನು ರಾತ್ರಿ ಪ್ರದರ್ಶನವಾಗಿ ಆಡಿ ತೋರಿಸಲು ಶುರು ಮಾಡಿದರು. ಇವತ್ತು ಅದು ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರುವ ಪಾರ್ಕ್. ರಾತ್ರಿ ಪ್ರದರ್ಶನಕ್ಕೆ ಈಗಲೂ ಸಾವಿರಾರು ಸ್ವಯಂಸೇವಕರು ಸೇರುತ್ತಾರೆ.

ಕೆಜಿಎಫ್‌ನಲ್ಲಿ ಹೇಳುವ ಕಥೆಗೆ ಬರವಿಲ್ಲ. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ವಿದ್ಯುತ್ ತಂದದ್ದು ಈ ಗಣಿಗಳಿಗಾಗಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವನ್ನು ಜಗತ್ತಿನಲ್ಲಿ ಮೊದಲಿಗೆ ಹಿಡಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ನಿಮ್ಮ ತಂದೆ ದುಡಿದ ಊರಿನ ನೆಲದ ಕೆಳಗೆ. ತಮಿಳು, ತೆಲುಗು, ಕನ್ನಡ, ಆಂಗ್ಲೋ-ಇಂಡಿಯನ್ ಮನೆಗಳು ಒಂದೇ ಸೈರನ್ನಿಗೆ ಎದ್ದು ಮಲಗಿದ ಊರು ಅದು. ನೀರು ತುಂಬಿದ ಗಣಿಯೊಳಕ್ಕೆ ಜನರನ್ನು ಇಳಿಸಲಾಗದು. ಆದರೆ ಮೇಲೆ, ಗಟ್ಟಿ ನೆಲದಲ್ಲಿ, ಶಾಫ್ಟ್ ಗೋಪುರದ ಬುಡದಲ್ಲಿ ನಿಂತು, ಕಾರ್ಮಿಕರನ್ನು ಹೊತ್ತ ಕೇಜ್ (ಗಣಿಯ ಲಿಫ್ಟು) ಕೆಳಗಿಳಿಯುವಾಗ ಹೊಟ್ಟೆ ಹಗುರಾಗುವುದನ್ನು, ಕತ್ತಲನ್ನು, ಆಳಕ್ಕೆ ಹೋದಂತೆ ಏರುವ ಸೆಕೆಯನ್ನು ರೈಡಿನ ಮೂಲಕ ಅನುಭವಕ್ಕೆ ತರುವುದು ಈಗಿನ ತಂತ್ರಜ್ಞಾನಕ್ಕೆ ಸುಲಭ. 300 ಕೋಟಿಯ ಇಂಥ ಪಾರ್ಕಿಗೆ, ತಲೆಗೆ 1,000 ರೂಪಾಯಿ ಎಂದು ಮೇಲಿನಂತೆಯೇ ಲೆಕ್ಕ ಹಾಕಿದರೆ, ವರ್ಷಕ್ಕೆ ಎಂಟೂವರೆ ಲಕ್ಷ ಜನ ಸಾಕು. ಶನಿವಾರ, ಭಾನುವಾರಕ್ಕೆ ಬೆಂಗಳೂರಿನ ಕುಟುಂಬಗಳು, ವಾರದ ನಡುವೆ ಮೂರು ರಾಜ್ಯಗಳ ಶಾಲಾ ಪ್ರವಾಸಗಳು ಎಂದು ಹಂಚಿದರೆ ಅದು ಮುಟ್ಟಲಾಗದ ಸಂಖ್ಯೆಯಲ್ಲ. ನಿಮ್ಮ ತಂದೆಯಂಥವರು ಅಲ್ಲಿ ಮಾರ್ಗದರ್ಶಕರಾಗಿ ಸಂಬಳ ಪಡೆಯಬೇಕು. ಆ ಅನುಭವವುಳ್ಳವರು ನಮ್ಮ ನಡುವೆ ಇನ್ನೆಷ್ಟು ಕಾಲ ಇರುತ್ತಾರೆ ಎಂಬ ಕಳವಳ ನನ್ನದು. ದಿಬ್ಬಗಳ ಧೂಳು ಅಡಗಿಸಿ, ಕಾರ್ಮಿಕರ ಮನೆಗಳ ಹಕ್ಕು ಇತ್ಯರ್ಥ ಮಾಡಿ, ಆಮೇಲೆ ಇದನ್ನು ಕೈಗೆತ್ತಿಕೊಂಡರೆ ನಾನು ವರದಿ ಬರೆದುಕೊಡಲು ಸಿದ್ಧ.

ಇಂಥ ಪಾರ್ಕ್ ನಾಳೆಯೇ ಮಂಜೂರಾದರೂ ಬೇತಮಂಗಲದ ಕಡೆಯ ಸೈಟಿನ ಬೆಲೆ ಅದರಿಂದ ಏರುತ್ತದೆ ಎಂದು ನಾನು ಹೇಳುವುದಿಲ್ಲ. ದಿನಕ್ಕೆ ಎರಡು-ಮೂರು ಸಾವಿರ ಜನ ಬೆಳಗ್ಗೆ ಬಂದು ಸಂಜೆ ಹೋಗುವ ಪಾರ್ಕಿನಿಂದ ಹತ್ತಿರದ ಹೋಟೆಲಿಗೆ, ಆಟೊದವರಿಗೆ ವ್ಯಾಪಾರವಾಗುತ್ತದೆ. ಮನೆ ಕಟ್ಟಿಕೊಂಡು ನೆಲೆಸುವವರು ಬರುವುದು ಕಾರ್ಖಾನೆ, ಶಾಲೆ, ಆಸ್ಪತ್ರೆ ಬಂದಾಗ. ತಂದೆಗೆ ಊರಿನಲ್ಲಿ ಒಂದು ಸೈಟು ಬೇಕೇ ಬೇಕು ಎಂಬ ಆಸೆಯಿದ್ದರೆ ಅದು ಬೇರೆ ಮಾತು, ನ್ಯಾಯವಾದ ಆಸೆ. ಪಾರ್ಕನ್ನು ಪೂರ್ತಿ ಮರೆತು ಸೈಟನ್ನು ಸೈಟಾಗಿಯೇ ನೋಡಿ. ಬಡಾವಣೆಯವರಿಂದ ಸರ್ವೆ ನಂಬರ್ ಕೇಳಿ ಪಡೆಯಿರಿ. ಭೂಮಿ ಜಾಲತಾಣದಲ್ಲಿ ಪಹಣಿ ತೆಗೆದು ಜಮೀನು ಯಾರ ಹೆಸರಿನಲ್ಲಿದೆ, ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿದೆಯೇ ನೋಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನಾಗಿದ್ದರೆ ಪಿಟಿಸಿಎಲ್ ಕಾಯ್ದೆಯಡಿ ಮಾರಾಟವೇ ರದ್ದಾಗಬಹುದು. 2023ರ ತಿದ್ದುಪಡಿಯ ನಂತರ ಅಂಥ ದಾವೆಗೆ ಕಾಲಮಿತಿಯೂ ಇಲ್ಲ. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಇದೆಯೇ, ಕರ್ನಾಟಕ ರೇರಾದಲ್ಲಿ ನೋಂದಣಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದೇ ಸೀಮೆಯಲ್ಲಿ ಇತ್ತೀಚೆಗೆ ನೋಂದಣಿಯಾದ ಸೈಟುಗಳ ಬೆಲೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, 14 ಲಕ್ಷಕ್ಕೆ ಹೋಲಿಸಿ. ಕಾಗದಪತ್ರಗಳನ್ನು ಬಡಾವಣೆಯವರು ತೋರಿಸುವ ವಕೀಲರಿಗೆ ಬೇಡ, ನೀವೇ ಆರಿಸಿದ ವಕೀಲರಿಗೆ ತೋರಿಸಿ. ಇಷ್ಟೂ ಮುಗಿಯುವವರೆಗೆ ತಂದೆಯವರು ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡದಿರಲಿ.